ಬ್ಯಾಡಗಿಯ ಅಡತಿ ಅಂಗಡಿಗೆ ಎಂಥ ಕ್ಯಾಮೆರಾ?

ಪ್ರಶ್ನೆ: ನಮ್ಮದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಡತಿ ಅಂಗಡಿ. ಮುಂದೆ ಗಲ್ಲಾ ಮತ್ತು ತೂಕದ ಕಾಟಾ, ಹಿಂದೆ ಸುಮಾರು 90 ಅಡಿ ಉದ್ದದ ಗೋದಾಮು. ಮನೆ ಹಾವೇರಿಯಲ್ಲಿದೆ, ಅಲ್ಲಿ ವಯಸ್ಸಾದ ತಂದೆ-ತಾಯಿ ಇರುತ್ತಾರೆ. ಹೋದ ಸೀಸನ್‌ನಲ್ಲಿ ಗೋದಾಮಿನಿಂದ ನಾಲ್ಕು ಚೀಲ ಹೋದವು. ಯಾವಾಗ ಹೋದವು ಎಂದೇ ಗೊತ್ತಾಗಲಿಲ್ಲ. 2024ರ ಮಾರ್ಚ್‌ನಲ್ಲಿ ಮಾರುಕಟ್ಟೆಯಲ್ಲಿ ಗಲಾಟೆಯಾದಾಗಿನಿಂದ ಮನೆಯವರು ಕ್ಯಾಮೆರಾ ಹಾಕಿಸು ಎನ್ನುತ್ತಲೇ ಇದ್ದಾರೆ. ಮೂರು ಕೊಟೇಶನ್ ಬಂದಿವೆ. ಒಂದು: 2 ಮೆಗಾಪಿಕ್ಸೆಲ್‌ನ 8 ಅನಲಾಗ್ ಕ್ಯಾಮೆರಾ, ಡಿವಿಆರ್ ಎಂಬ ರೆಕಾರ್ಡರ್, 1 ಟಿಬಿ ಡಿಸ್ಕ್, 38,000 ರೂಪಾಯಿ. ಎರಡು: 4 ಮೆಗಾಪಿಕ್ಸೆಲ್‌ನ 6 ಐಪಿ (ನೆಟ್‌ವರ್ಕ್) ಕ್ಯಾಮೆರಾ, ಅದರ ರೆಕಾರ್ಡರ್ ಎನ್‌ವಿಆರ್, 2 ಟಿಬಿ, 64,000. ಮೂರು: 5 ವೈಫೈ ಕ್ಯಾಮೆರಾ, ಮೆಮೊರಿ ಕಾರ್ಡ್ ಸಾಕು, ಡಿವಿಆರ್ ಬೇಡ, 17,000. ಮನೆಗೂ ಎರಡು ಬೇಕು. ಯಾವುದನ್ನು ಆರಿಸಲಿ?

ಉತ್ತರ: ನಾಲ್ಕು ಚೀಲ ಯಾವಾಗ ಹೋದವು ಎಂದೇ ಗೊತ್ತಾಗಲಿಲ್ಲ ಎಂದು ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನಾನು ಪೆನ್ನಿನಿಂದ ಗೆರೆ ಎಳೆದದ್ದು ಆ ಸಾಲಿಗೆ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮೊದಲನೇ ಕೊಟೇಶನ್ ನೋಡೋಣ.

2 ಮೆಗಾಪಿಕ್ಸೆಲ್ ಕ್ಯಾಮೆರಾ ಒಂದು ಸೆಕೆಂಡಿಗೆ 2 ಮೆಗಾಬಿಟ್ ಬರೆಯುತ್ತದೆ ಎಂದು ಹಿಡಿಯಿರಿ. ಎಚ್ 265 ಎಂಬ ರೀತಿಯಲ್ಲಿ ಬರೆದರೆ ಸಾಮಾನ್ಯವಾಗಿ ಇಷ್ಟು ಬೇಕು. ದಿನಕ್ಕೆ ಇದು 21.6 ಜಿಬಿ ಆಗುತ್ತದೆ. ಎಂಟು ಕ್ಯಾಮೆರಾಗೆ ಸುಮಾರು 173 ಜಿಬಿ. ಅಂದರೆ 1 ಟಿಬಿ ಡಿಸ್ಕ್ ಆರು ದಿನಕ್ಕೂ ಸಾಲುವುದಿಲ್ಲ. ಆರನೇ ದಿನ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆಯುತ್ತದೆ. ಡಿವಿಆರ್ ಹಳೆಯದಾಗಿದ್ದು ಎಚ್ 264 ಎಂಬ ಹಳೆಯ ರೀತಿ ಮಾತ್ರ ಗೊತ್ತಿದ್ದರೆ ಇಮ್ಮಡಿ ಜಾಗ ಹಿಡಿದು ಮೂರೇ ದಿನ. ನೀವು ಚೀಲ ಎಣಿಸುವುದು ಯಾವಾಗ? ವಾರಕ್ಕೊಮ್ಮೆ? ಲೋಡ್ ಕಳಿಸುವಾಗ? ಅಷ್ಟೊತ್ತಿಗೆ ಕಳ್ಳನ ಚಿತ್ರದ ಮೇಲೆ ನಿಮ್ಮದೇ ಖಾಲಿ ಗೋದಾಮಿನ ಚಿತ್ರ ಕೂತಿರುತ್ತದೆ. ಎಂಟು ಕ್ಯಾಮೆರಾ ಇದ್ದೂ ನಾಲ್ಕು ಚೀಲ ಯಾವಾಗ ಹೋದವು ಎಂದು ಗೊತ್ತಾಗುವುದಿಲ್ಲ.

ಆದ್ದರಿಂದ ಕ್ಯಾಮೆರಾ ಎಷ್ಟು ಎಂಬ ಲೆಕ್ಕವನ್ನು ಸ್ವಲ್ಪ ಪಕ್ಕಕ್ಕಿಡಿ. ಒಂದು ಹಾಳೆ ತೆಗೆದುಕೊಂಡು, ಕ್ಯಾಮೆರಾದಿಂದ ಯಾವ ಪ್ರಶ್ನೆಗೆ ಉತ್ತರ ಬೇಕು ಎಂದು ಬರೆಯಿರಿ. ನಿಮ್ಮ ಪತ್ರ ಓದಿ ನಾನೇ ಬರೆದುಕೊಂಡೆ. ಶಟರ್ ಒಳಗೆ ಬಂದವನು ಯಾರು? ಕಾಟಾ ಎಷ್ಟು ತೋರಿಸಿತು? ಗಲ್ಲಾದಲ್ಲಿ ದುಡ್ಡು ಕೊಟ್ಟವರು ಯಾರು, ತೆಗೆದುಕೊಂಡವರು ಯಾರು? ಗೋದಾಮಿನ ಹಿಂದಿನ ಬಾಗಿಲಿನಿಂದ ಏನು ಹೊರಗೆ ಹೋಯಿತು? ಒಳಗಿನ ಓಣಿಯಲ್ಲಿ ರಾತ್ರಿ ಯಾರಾದರೂ ಓಡಾಡಿದರಾ? ಐದು ಪ್ರಶ್ನೆ, ಐದು ಕ್ಯಾಮೆರಾ. ಉಳಿದ ಮೂರು ಕ್ಯಾಮೆರಾ ಮೊದಲನೆಯವರು ಎಲ್ಲಿ ಹಾಕುತ್ತಿದ್ದರೋ ಗೊತ್ತಿಲ್ಲ. ಬಹುಶಃ ಎಂಟು ಚಾನೆಲ್‌ನ ಡಿವಿಆರ್ ಇದೆ, ಸುಮ್ನೆ ಯಾಕೆ ಖಾಲಿ ಬಿಡಬೇಕು ಎಂದುಕೊಂಡಿರಬೇಕು.

ಇಲ್ಲಿ ನನ್ನದೇ ಒಂದು ತಪ್ಪು ಹೇಳುತ್ತೇನೆ. ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಗೆ ಕ್ಯಾಮೆರಾ ಹಾಕಿದ್ದೆ. ಯಾರ ಕೈಗೂ ಸಿಗಬಾರದು ಎಂದು 14 ಅಡಿ ಎತ್ತರದಲ್ಲಿ, ಮೂಲೆಯಲ್ಲಿ. ಅಂಗಡಿ ಪೂರ್ತಿ ಒಂದೇ ಚಿತ್ರದಲ್ಲಿ ಕಾಣುತ್ತಿತ್ತು. ಮಾಲೀಕರಿಗೂ ಖುಷಿ, ನನಗೂ ಖುಷಿ. ಮರುವರ್ಷ ದೀಪಾವಳಿ ಗದ್ದಲದಲ್ಲಿ ಸೀರೆ ಕಟ್ಟು ಹೋಯಿತು. ರೆಕಾರ್ಡಿಂಗ್ ತೆಗೆದೆವು. ಕಟ್ಟು ಎತ್ತಿಕೊಂಡು ಹೋಗುವುದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಎತ್ತಿದವನ ಟೊಪ್ಪಿಗೆ ಮಾತ್ರ ಕಾಣುತ್ತದೆ, ಮುಖ ಇಲ್ಲ. ಕಳ್ಳತನವಾಗಿದೆ ಎಂದು ಮಾಲೀಕರಿಗೆ ಮೊದಲೇ ಗೊತ್ತಿತ್ತಲ್ಲ, ಅದನ್ನೇ ಮತ್ತೊಮ್ಮೆ ಟಿವಿಯಲ್ಲಿ ತೋರಿಸಿದ ಹಾಗಾಯಿತು. ಅಂದಿನಿಂದ ಬಾಗಿಲಿನ ಕ್ಯಾಮೆರಾವನ್ನು ಎಂಟು ಅಡಿಗಿಂತ ಮೇಲೆ ಏರಿಸುವುದಿಲ್ಲ.

ಮುಖ ಗುರುತು ಸಿಗಲು ಒಂದು ಲೆಕ್ಕ ಇದೆ. ಅಪರಿಚಿತನನ್ನು ಇವನೇ ಎಂದು ಹೇಳಬೇಕಾದರೆ, ಅವನು ನಿಂತ ಜಾಗದಲ್ಲಿ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು. ಯಾರೋ ಇದ್ದಾರೆ ಎಂದು ತಿಳಿಯಲು 25 ಸಾಕು. ಅಂದರೆ ಹತ್ತರಷ್ಟು ವ್ಯತ್ಯಾಸ. ಇದನ್ನು ಕ್ಯಾಮೆರಾ ಮುಂದಿನ ದೂರಕ್ಕೆ ತಿರುಗಿಸಿದರೆ ಹೀಗಾಗುತ್ತದೆ. ಎಲ್ಲರೂ ಹಾಕುವ 2.8 ಎಂಎಂ ಲೆನ್ಸ್ ಬಹಳ ಅಗಲ ನೋಡುತ್ತದೆ. 2 ಮೆಗಾಪಿಕ್ಸೆಲ್‌ನಲ್ಲಿ ಅದು ಮುಖ ಹಿಡಿಯುವುದು 10 ಅಡಿಯೊಳಗೆ ಮಾತ್ರ. 4 ಮೆಗಾಪಿಕ್ಸೆಲ್ ಆದರೆ 12-13 ಅಡಿ. 3.6 ಎಂಎಂ ಲೆನ್ಸ್‌ನಲ್ಲಿ 2 ಮೆಗಾಪಿಕ್ಸೆಲ್‌ಗೆ ಸುಮಾರು 14 ಅಡಿ. 6 ಎಂಎಂ ಹಾಕಿದರೆ 25 ಅಡಿಯವರೆಗೂ ಹೋಗುತ್ತದೆ, ಆದರೆ ಅಕ್ಕಪಕ್ಕದ್ದು ಕಾಣುವುದಿಲ್ಲ. ಗಮನಿಸಿ, 2ರ ಬದಲು 4 ಮೆಗಾಪಿಕ್ಸೆಲ್‌ಗೆ ದುಡ್ಡು ಕೊಟ್ಟರೆ ಸಿಗುವುದು ಮೂರು ಅಡಿ. ಲೆನ್ಸ್ ಬದಲಿಸಿದರೆ ಹದಿನೈದು ಅಡಿ, ಅದೂ ಹೆಚ್ಚುಕಡಿಮೆ ಅದೇ ದುಡ್ಡಿಗೆ. ನಿಮ್ಮ ಮೂರು ಕೊಟೇಶನ್‌ಗಳಲ್ಲಿ ಒಂದರಲ್ಲಾದರೂ ಲೆನ್ಸ್ ಎಷ್ಟು ಎಂಎಂ ಎಂದು ಬರೆದಿದೆಯಾ ನೋಡಿ. ಬರೆದಿಲ್ಲದಿದ್ದರೆ ಎಲ್ಲವೂ 2.8 ಎಂದೇ ತಿಳಿಯಿರಿ.

ಹಾಗಾಗಿ ಗೋದಾಮಿನ ಹಿಂದಿನ ಬಾಗಿಲಿಗೆ 6 ಎಂಎಂ ಕೇಳಿ. ಬಾಗಿಲಿಗೆ ಎದುರಾಗಿ 20 ಅಡಿ ಹಿಂದೆ ಕಂಬಕ್ಕೆ ಹಾಕಿಸಿ. ಒಳಗಿನ ಓಣಿಗೆ 2.8 ಸಾಕು, ಅಲ್ಲಿ ಬೇಕಾದದ್ದು ಓಡಾಟ, ಮುಖ ಅಲ್ಲ.

ಶಟರ್ ಕ್ಯಾಮೆರಾದ್ದು ಬೇರೆಯೇ ಗೋಳು. ಅಂಗಡಿ ಒಳಗೆ ನೆರಳು, ಹೊರಗೆ ಮಾರ್ಚ್ ತಿಂಗಳ ಬಿಸಿಲು. ಒಳಗಿನಿಂದ ಹೊರಗೆ ನೋಡುವ ಕ್ಯಾಮೆರಾ ಬಿಸಿಲಿಗೆ ಹೊಂದಿಕೊಂಡು, ಬಾಗಿಲಲ್ಲಿ ನಿಂತವರನ್ನು ಇದ್ದಿಲಿನ ಗೊಂಬೆ ಮಾಡಿಬಿಡುತ್ತದೆ. ಇದಕ್ಕೆ ಡಬ್ಲ್ಯುಡಿಆರ್ ಎಂಬ ವ್ಯವಸ್ಥೆ ಬೇಕು. ಹೆಚ್ಚು ಬೆಳಕಿನ ಚಿತ್ರ, ಕಡಿಮೆ ಬೆಳಕಿನ ಚಿತ್ರ ಎರಡನ್ನೂ ತೆಗೆದು ಸೇರಿಸುತ್ತದೆ. ಆದರೆ ಕಡಿಮೆ ಬೆಲೆಯ ಕ್ಯಾಮೆರಾಗಳಲ್ಲಿ ಡಿಜಿಟಲ್ ಡಬ್ಲ್ಯುಡಿಆರ್ ಎಂದು ಬರೆದಿರುತ್ತಾರೆ. ಅದು ಸುಮ್ನೆ ಚಿತ್ರವನ್ನು ಬೆಳ್ಳಗೆ ಮಾಡುವುದು ಅಷ್ಟೇ. ನಿಜವಾದದ್ದಾದರೆ 120 ಡಿಬಿ ಎಂದು ಬರೆದಿರುತ್ತದೆ. ಈ ಒಂದು ಕ್ಯಾಮೆರಾಗೆ ಜಿಪುಣತನ ಬೇಡ.

ಕಾಟಾ ವಿಷಯಕ್ಕೆ ಬಂದೆ. ನನ್ನ ಅನುಭವದಲ್ಲಿ ಅಡತಿ ಅಂಗಡಿಯಲ್ಲಿ ಕ್ಯಾಮೆರಾ ದುಡ್ಡು ಮರಳಿಸುವುದು ಕಳ್ಳನನ್ನು ಹಿಡಿದು ಅಲ್ಲ, ತೂಕದ ಜಗಳ ನಿಲ್ಲಿಸಿ. ರೈತರು ಚೀಲ ತೂಗಿಸಿ ಊರಿಗೆ ಹೋಗಿ, ಎರಡು ದಿನ ಬಿಟ್ಟು ಫೋನ್ ಮಾಡಿ ಒಂದು ಚೀಲದಲ್ಲಿ ಎರಡು ಕಿಲೊ ಕಡಿಮೆ ಬರೆದಿದ್ದೀರಿ ಎನ್ನುತ್ತಾರೆ. ರೆಕಾರ್ಡಿಂಗ್ ಇದ್ದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಯಾರದು ಸರಿಯೋ ಅವರದು ಸರಿ. ಆದರೆ ಅದಕ್ಕೆ ಕಾಟಾದ ಮೇಲಿನ ಅಂಕಿ ಓದಲು ಬರಬೇಕು. ಕೆಂಪು ಎಲ್‌ಇಡಿ ಅಂಕಿ ಕ್ಯಾಮೆರಾದಲ್ಲಿ ಹೊಳೆದು ಒಂದು ಕೆಂಪು ಚುಕ್ಕೆಯಾಗುತ್ತದೆ. ಕ್ಯಾಮೆರಾವನ್ನು ಅಂಕಿಗೆ ನೇರವಾಗಿ, ಏಳೆಂಟು ಅಡಿ ದೂರದಲ್ಲಿ ಹಾಕಿ. ಬ್ರೈಟ್‌ನೆಸ್ ತಗ್ಗಿಸಿ. ಚೀಲ, ಅಂಕಿ, ತೂಗುವವನ ಕೈ ಮೂರೂ ಒಂದೇ ಚಿತ್ರದಲ್ಲಿ ಬರಬೇಕು. ಇಲ್ಲಿಗೆ 4 ಮೆಗಾಪಿಕ್ಸೆಲ್ ಸಾರ್ಥಕ.

ಇನ್ನೊಂದು ಸಣ್ಣ ಸಂಗತಿ, ಬಹಳ ಜನ ಬಿಟ್ಟುಬಿಡುತ್ತಾರೆ. ನಮ್ಮ ಕರೆಂಟು 50 ಹರ್ಟ್ಸ್. ರೆಕಾರ್ಡರ್ ಸೆಟ್ಟಿಂಗ್‌ನಲ್ಲಿ 60 ಹರ್ಟ್ಸ್ ಅಥವಾ ಎನ್‌ಟಿಎಸ್‌ಸಿ ಎಂದು ಬಿಟ್ಟಿದ್ದರೆ ಟ್ಯೂಬ್‌ಲೈಟ್ ಕೆಳಗಿನ ಚಿತ್ರದಲ್ಲಿ ಪಟ್ಟೆ ಪಟ್ಟೆ ಹರಿದಾಡುತ್ತದೆ. ಪಿಎಎಲ್, 50 ಹರ್ಟ್ಸ್ ಎಂದು ಬದಲಿಸಿದರೆ ಸಾಕು. ಹೀಗೆ ಪಟ್ಟೆ ಬರುತ್ತದೆ ಎಂದು ಕ್ಯಾಮೆರಾ ಬದಲಿಸಿದವರನ್ನೂ ನೋಡಿದ್ದೇನೆ.

ಹಾಂ, ಫೋನಿನಲ್ಲಿ ಕ್ಯಾಮೆರಾ ನೋಡಿ ಕಾಯಿಯ ಬಣ್ಣ ತೀರ್ಮಾನಿಸಲು ಹೋಗಬೇಡಿ. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣಕ್ಕೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಕಾಯಿ ಅದು. ಆದರೆ ಚಿತ್ರದ ತುಂಬ ಕೆಂಪು ರಾಶಿಯೇ ಇದ್ದಾಗ ಕ್ಯಾಮೆರಾ ಗೊಂದಲಕ್ಕೆ ಬಿದ್ದು ಬಣ್ಣವನ್ನು ತಾನೇ ತಿದ್ದುತ್ತದೆ. ಕಾಯಿಯಲ್ಲಿ ಡಬ್ಬಿ ತಳಿ ಯಾವುದು ಕಡ್ಡಿ ತಳಿ ಯಾವುದು ಎಂದು ಹೇಳುವುದು ಇಂದಿಗೂ ನಿಮ್ಮ ಕಣ್ಣಿನ ಕೆಲಸವೇ.

ಕಾಯಿಯ ಧೂಳು ಮಾತ್ರ ಕ್ಯಾಮೆರಾಗೆ ಶತ್ರು. ಆ ಧೂಳಿನಲ್ಲಿ ಎಣ್ಣೆಯ ಅಂಶ ಇರುವುದರಿಂದ ಗಾಜಿನ ಮೇಲೆ ಪೊರೆಯ ಹಾಗೆ ಕೂರುತ್ತದೆ. ಗುಂಡಗಿನ ಗಾಜು ಮುಚ್ಚಿದ ಡೋಮ್ ಕ್ಯಾಮೆರಾ ನೋಡಲು ಚಂದ. ಆದರೆ ರಾತ್ರಿ ಅದರದೇ ಇನ್‌ಫ್ರಾರೆಡ್ ಬೆಳಕು ಗಾಜಿನ ಧೂಳಿಗೆ ಬಡಿದು ಚಿತ್ರ ಪೂರ್ತಿ ಮಂಜು ಮಂಜು. ಗೋದಾಮಿಗೆ ಟರೆಟ್ ಕೇಳಿ, ಅಂದರೆ ಕಣ್ಣುಗುಡ್ಡೆಯ ಹಾಗಿರುವುದು. ಅದರಲ್ಲಿ ಬೆಳಕಿನ ಭಾಗ ಬೇರೆ, ಲೆನ್ಸ್ ಬೇರೆ. ಡಬ್ಬದ ಮೇಲೆ ಐಪಿ 66 ಅಥವಾ 67 ಎಂದಿರಲಿ, ಇದು ಐಪಿ ಕ್ಯಾಮೆರಾದ ಐಪಿ ಅಲ್ಲ, ಧೂಳು-ನೀರು ತಡೆಯುವ ಮಟ್ಟ. ಮೊದಲ 6 ಎಂದರೆ ಧೂಳು ಒಳಗೆ ಹೋಗುವುದಿಲ್ಲ ಎಂದು. ಸೀಸನ್‌ನಲ್ಲಿ ಹದಿನೈದು ದಿನಕ್ಕೊಮ್ಮೆ ಒರೆಸಿ. ಮೊದಲು ಬ್ರಷ್‌ನಿಂದ ಧೂಳು ಉದುರಿಸಿ, ಆಮೇಲೆ ಕನ್ನಡಕದ ಬಟ್ಟೆಯಿಂದ. ಹಮಾಲರ ಹೆಗಲ ಮೇಲಿನ ಟವೆಲ್‌ನಿಂದ ಒರೆಸಿದರೆ ಗೀರು ಬಿದ್ದು ಕ್ಯಾಮೆರಾ ಕುರುಡಾಗುತ್ತದೆ. ಜೇಡರ ಬಲೆಯೂ ಅಷ್ಟೇ. ರಾತ್ರಿ ಕ್ಯಾಮೆರಾ ಸುತ್ತ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ. ಒಂದು ಎಳೆ ಗಾಳಿಗೆ ಅಲ್ಲಾಡಿದರೆ ನಿಮ್ಮ ಫೋನ್ ರಾತ್ರಿಯಿಡೀ ಕಿರುಚುತ್ತದೆ. ಮನುಷ್ಯರನ್ನು ಮಾತ್ರ ಗುರುತಿಸಿ ಎಚ್ಚರಿಸುವ ಸೌಲಭ್ಯ ಈಗ ಸಾಧಾರಣ ಕ್ಯಾಮೆರಾಗಳಲ್ಲೂ ಬಂದಿದೆ. ಅದನ್ನು ಕೇಳಿ ಹಾಕಿಸಿಕೊಳ್ಳಿ.

ಇನ್‌ಫ್ರಾರೆಡ್‌ನ ಇನ್ನೊಂದು ಮೋಸ: ರಾತ್ರಿ ಚಿತ್ರ ಕಪ್ಪು-ಬಿಳುಪು, ಮತ್ತು ಕೆಲವು ಕಪ್ಪು ಬಟ್ಟೆಗಳು ಅದರಲ್ಲಿ ಬೆಳ್ಳಗೆ ಕಾಣುತ್ತವೆ. ಬಿಳಿ ಅಂಗಿಯವನು ಎಂದು ಪೊಲೀಸರಿಗೆ ಹೇಳಿ ಸುಮ್ಮನೆ ಯಾರನ್ನೋ ಸಿಕ್ಕಿಸಬೇಡಿ. ಹಿಂದಿನ ಬಾಗಿಲಿಗೆ ಒಂದು 9 ವಾಟ್ ಬಲ್ಬ್ ಹಾಕಿ ಬಿಟ್ಟರೆ ಇದರ ಅರ್ಧ ತಾಪತ್ರಯ ಇಲ್ಲ. ಕಳ್ಳನಿಗೂ ಬೆಳಕು ಇಷ್ಟವಾಗುವುದಿಲ್ಲ.

ಈಗ ಅನಲಾಗೋ ಐಪಿಯೋ. ಅನಲಾಗ್ ಎಂದ ಕೂಡಲೇ ಮೂಗು ಮುರಿಯುವವರ ಪೈಕಿ ನಾನಲ್ಲ. ನಾಲ್ಕು ಕ್ಯಾಮೆರಾದ ಚಿಕ್ಕ ಕಿರಾಣಿ ಅಂಗಡಿಗೆ ಇವತ್ತಿಗೂ ಅದನ್ನೇ ಹಾಕುತ್ತೇನೆ. ಆದರೆ ನಿಮ್ಮಲ್ಲಿ ಗಲ್ಲಾದಿಂದ ಗೋದಾಮಿನ ತುದಿಗೆ, ಗೋಡೆ ಹತ್ತಿ ಇಳಿದು, 150 ಅಡಿ ವೈರ್ ಆಗುತ್ತದೆ. ಅನಲಾಗ್‌ನಲ್ಲಿ ಎಳೆಯುವ ತ್ರೀ ಪ್ಲಸ್ ಒನ್ ಕೇಬಲ್‌ನಲ್ಲಿ ಚಿತ್ರದ ಜೊತೆ 12 ವೋಲ್ಟ್ ಕರೆಂಟೂ ಹೋಗಬೇಕು. ವೈರ್ ಉದ್ದವಾದಷ್ಟೂ ವೋಲ್ಟ್ ಇಳಿಯುತ್ತದೆ. ಹಗಲು ನಡೆಯುತ್ತದೆ. ರಾತ್ರಿ ಇನ್‌ಫ್ರಾರೆಡ್ ದೀಪ ಹತ್ತಿದ ಕೂಡಲೇ ಕರೆಂಟ್ ಜಾಸ್ತಿ ಬೇಕಾಗಿ ಕ್ಯಾಮೆರಾ ಸುಸ್ತಾಗಿ ಆರಿಬಿಡುತ್ತದೆ. ಬೆಳಿಗ್ಗೆ ಬಂದು ನೋಡಿದರೆ ಚೆನ್ನಾಗಿಯೇ ಇರುತ್ತದೆ. ಇಂಥ ಕ್ಯಾಮೆರಾ ರಿಪೇರಿಗೆ ಎಂದು ಗದಗದ ಕಡೆ ಒಂದು ಪ್ರೆಸ್ಸಿಗೆ ಮೂರು ಸಲ ಹಗಲಲ್ಲಿ ಹೋಗಿ ಏನೂ ಸಿಗದೆ ವಾಪಸ್ ಬಂದಿದ್ದೆ. ನಾಲ್ಕನೇ ಸಲ ಅಲ್ಲೇ ಊಟ ಮಾಡಿ ರಾತ್ರಿಯವರೆಗೆ ಕೂತ ಮೇಲೆ ಗೊತ್ತಾಯಿತು.

ಐಪಿಯಲ್ಲಿ ಪಿಒಇ ಇದ್ದರೆ ಒಂದೇ ಕ್ಯಾಟ್ 6 ವೈರ್‌ನಲ್ಲಿ ಚಿತ್ರವೂ ಕರೆಂಟೂ ಹೋಗುತ್ತವೆ. ಕರೆಂಟು 48 ವೋಲ್ಟ್ ಆಸುಪಾಸು ಇರುವುದರಿಂದ 100 ಮೀಟರ್‌ವರೆಗೆ ಈ ಸುಸ್ತಿನ ಪ್ರಶ್ನೆ ಇಲ್ಲ. ಎಲ್ಲ ವೈರ್ ನೆಟ್‌ವರ್ಕ್ ಸ್ವಿಚ್ ಎಂಬ ಒಂದು ಪೆಟ್ಟಿಗೆಗೆ ಬರುತ್ತವೆ. ಆ ಸ್ವಿಚ್, ಎನ್‌ವಿಆರ್, ರೂಟರ್ ಮೂರಕ್ಕೂ ಒಂದು ಯುಪಿಎಸ್ ಕೊಟ್ಟರೆ ಕೆಲಸ ಮುಗಿಯಿತು. ಹೆಸ್ಕಾಂ ಕರೆಂಟು ಹೋದ ಕ್ಷಣವೇ ಕಳ್ಳನಿಗೆ ಶುಭ ಮುಹೂರ್ತ ಎಂಬುದು ನೆನಪಿರಲಿ. ಅಂಗಡಿಯಲ್ಲಿ ಇನ್ವರ್ಟರ್ ಇದೆ ಎನ್ನಬೇಡಿ. ಹಳೆಯ ಇನ್ವರ್ಟರ್ ಬದಲಾಗುವ ಆ ಒಂದು ಮಿಣುಕಿನಲ್ಲಿ ರೆಕಾರ್ಡರ್ ಆರಿ ಮತ್ತೆ ಹತ್ತುತ್ತದೆ. ದಿನಕ್ಕೆ ಹತ್ತು ಸಲ ಹೀಗಾದರೆ ಡಿಸ್ಕ್ ಹೋಗುತ್ತದೆ.

ವೈರ್ ಬಗ್ಗೆ ಒಂದು ಪರೀಕ್ಷೆ ಹೇಳಿಕೊಡುತ್ತೇನೆ. ಬಂಡಲ್ ಬಂದಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗಾದರೆ ಅಲ್ಯುಮಿನಿಯಂ ಮೇಲೆ ತಾಮ್ರದ ಲೇಪ. ಅದನ್ನು ವಾಪಸ್ ಕಳಿಸಿ. ಕೊಟೇಶನ್‌ಗಳಲ್ಲಿ ಐದಾರು ಸಾವಿರ ವ್ಯತ್ಯಾಸ ಬರುವುದು ಎಷ್ಟೋ ಸಲ ಇಲ್ಲಿಂದಲೇ. ವೈರ್ ಪೂರ್ತಿ ಪಿವಿಸಿ ಪೈಪಿನಲ್ಲಿ ಹೋಗಲಿ. ಕಾಯಿ ಗೋದಾಮಿನಲ್ಲಿ ಇಲಿ ಇರುವುದಿಲ್ಲ ಎಂದು ಒಬ್ಬರು ನನಗೆ ಆಣೆ ಮಾಡಿ ಹೇಳಿದ್ದರು. ಎರಡು ತಿಂಗಳಲ್ಲಿ ಅವರ ವೈರ್ ಕಡಿದಿತ್ತು.

ಸಿಡಿಲು. ಏಪ್ರಿಲ್-ಮೇ ತಿಂಗಳ ಅಡ್ಡ ಮಳೆಯಲ್ಲಿ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಇದಕ್ಕೇ. ಸಿಡಿಲು ನೇರ ಬಡಿಯಬೇಕೆಂದಿಲ್ಲ, ಹತ್ತಿರ ಬಿದ್ದರೂ ಹೊರಗಿನ ಉದ್ದ ವೈರ್‌ನಲ್ಲಿ ಆಘಾತ ಹರಿದು ರೆಕಾರ್ಡರ್‌ವರೆಗೆ ಬರುತ್ತದೆ. ಕ್ಯಾಮೆರಾವನ್ನು ತಗಡಿನ ಶೀಟಿಗೆ, ಕಬ್ಬಿಣದ ಕಂಬಕ್ಕೆ ನೇರವಾಗಿ ಬಿಗಿಯಬೇಡಿ, ನಡುವೆ ಪ್ಲಾಸ್ಟಿಕ್ ಡಬ್ಬಿ ಇರಲಿ. ಹೊರಗಿನ ಕ್ಯಾಮೆರಾದ ಲೈನಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಎಲ್ಲಕ್ಕಿಂತ ಮೊದಲು ಅಂಗಡಿಯ ಅರ್ಥಿಂಗ್ ಜೀವಂತ ಇದೆಯಾ ಎಂದು ಎಲೆಕ್ಟ್ರಿಷಿಯನ್‌ನಿಂದ ಅಳತೆ ಮಾಡಿಸಿ. ಅರ್ಥಿಂಗ್ ಇಲ್ಲದೆ ಸರ್ಜ್ ಪ್ರೊಟೆಕ್ಟರ್ ಹಾಕುವುದು ಎಂದರೆ ಮೋರಿ ತೋಡದೆ ಬಚ್ಚಲು ಕಟ್ಟಿದ ಹಾಗೆ.

ರೆಕಾರ್ಡರ್ ಎಲ್ಲಿಡುತ್ತೀರಿ? ಗಲ್ಲಾ ಪಕ್ಕದ ಟಿವಿ ಕೆಳಗೆ ಇಡಬೇಡಿ. ಬಂದವನು ಅದನ್ನೇ ಬಗಲಲ್ಲಿ ಇಟ್ಟುಕೊಂಡು ಹೋಗುತ್ತಾನೆ. ಅಟ್ಟದ ಮೇಲೆ, ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆಯಲ್ಲಿ, ಬೀಗ ಹಾಕಿ, ಗಾಳಿಗೆ ತೂತು ಬಿಟ್ಟು ಇಡಿ. ಶಟರ್ ಕ್ಯಾಮೆರಾಗೆ ಮಾತ್ರ ಮೆಮೊರಿ ಕಾರ್ಡ್ ಹಾಕುವ ಜಾಗ ಇರುವ ಮಾದರಿ ಕೇಳಿ. ರೆಕಾರ್ಡರ್ ಹೋದರೂ ಮುಖದ ಒಂದು ಪ್ರತಿ ಅದರೊಳಗೆ ಉಳಿದಿರುತ್ತದೆ.

ಮೂರನೇ ಕೊಟೇಶನ್ ಅಂಗಡಿಗೆ ಬೇಡ. ದಪ್ಪ ಗೋಡೆ, ತಗಡಿನ ಶೀಟು, ಕಾಯಿ ಚೀಲದ ಗುಡ್ಡ ದಾಟಿ ವೈಫೈ 90 ಅಡಿ ಹೋಗುವುದಿಲ್ಲ. ಹೋದರೂ ಸಂತೆಯ ದಿನ ಸುತ್ತಮುತ್ತ ನೂರಾರು ಫೋನು ಸೇರಿದಾಗ ಕೈ ಕೊಡುತ್ತದೆ. ಕ್ಯಾಮೆರಾ ಕಿತ್ತುಕೊಂಡು ಹೋದರೆ ಕಾರ್ಡೂ ಅದರ ಜೊತೆ ಹೋಯಿತು. ಆದರೆ ಅದೇ ಕ್ಯಾಮೆರಾ ಹಾವೇರಿ ಮನೆಗೆ ಒಳ್ಳೆಯದೇ. ಮನೆಯಲ್ಲಿ ರೂಟರ್ ಹತ್ತಿರ ಇರುತ್ತದೆ, ಗೋಡೆ ಒಡೆಯುವುದು ಬೇಡ. ಗೇಟಿಗೆ ಒಂದು, ಪಡಸಾಲೆಗೆ ಒಂದು. ಕಾರ್ಡ್ ಮಾತ್ರ ಹೈ ಎಂಡ್ಯೂರೆನ್ಸ್ ಎಂದು ಬರೆದದ್ದು ಹಾಕಿ. ಫೋನಿನ ಹಳೆ ಕಾರ್ಡ್ ಹಾಕಿದರೆ ಬರೆದು ಅಳಿಸಿ ಬರೆದು ಅಳಿಸಿ ಒಂದು ದಿನ ಸದ್ದಿಲ್ಲದೆ ಸಾಯುತ್ತದೆ. ಅದು ಸತ್ತದ್ದು ನಿಮಗೆ ಗೊತ್ತಾಗುವುದು ಬೇಕಾದ ದಿನವೇ.

ಪಡಸಾಲೆಯಲ್ಲಿ ಹಾಕುವ ಮೊದಲು ತಂದೆ-ತಾಯಿಯನ್ನು ಕೇಳಿ. ಅವರ ಒಳ್ಳೆಯದಕ್ಕೇ ನಿಜ, ಆದರೂ ಕೇಳಿ. ಮಲಗುವ ಕೋಣೆಗೆ ಅವರು ಒಪ್ಪಿದರೂ ಬೇಡ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಹೇಳಿತು. ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಗೇಟಿನ ಕ್ಯಾಮೆರಾದಲ್ಲಿ ಎದುರು ಮನೆಯ ಕಿಟಕಿ, ಬಚ್ಚಲ ಬಾಗಿಲು ಕಾಣುತ್ತಿದ್ದರೆ ಆ ಭಾಗಕ್ಕೆ ಕಪ್ಪು ಚೌಕ ಎಳೆಯುವ ಸೌಲಭ್ಯ ಹೆಚ್ಚಿನ ಕ್ಯಾಮೆರಾಗಳಲ್ಲಿ ಇದೆ. ಎಳೆದು, ಎದುರು ಮನೆಯವರನ್ನು ಕರೆದು ತೋರಿಸಿಬಿಡಿ. ಓಣಿಯ ಜಗಳ ಶುರುವಾಗುವ ಮೊದಲೇ ಮುಗಿಯುತ್ತದೆ.

ಪಾಸ್‌ವರ್ಡ್ ವಿಷಯದಲ್ಲಿ ನಾನು ಕಟ್ಟುನಿಟ್ಟು. 2016ರಲ್ಲಿ ಮಿರಾಯ್ ಎಂಬ ವೈರಸ್ ಕಂಪನಿ ಕೊಟ್ಟ ಪಾಸ್‌ವರ್ಡ್‌ಗಳನ್ನೇ ಪ್ರಯತ್ನಿಸುತ್ತಾ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳ ಒಳಗೆ ಹೊಕ್ಕಿತು. ಅದೇ ವರ್ಷದ ಅಕ್ಟೋಬರ್ 21ರಂದು ಅವನ್ನೆಲ್ಲ ಒಟ್ಟಿಗೆ ಬಳಸಿ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ಸೈಟುಗಳನ್ನೇ ನಿಲ್ಲಿಸಿದ್ದರು. ನಮ್ಮ ಊರಿನ ಅಪಾಯ ಇಷ್ಟು ದೊಡ್ಡದಲ್ಲ, ಆದರೆ ಇನ್ನೂ ಹತ್ತಿರದ್ದು. ಕ್ಯಾಮೆರಾ ಹಾಕಲು ಬಂದ ಹುಡುಗ ತನ್ನದೇ ಮೊಬೈಲ್ ನಂಬರ್ ಕೊಟ್ಟು ಆ್ಯಪ್ ತೆರೆಯುತ್ತಾನೆ, ಆಮೇಲೆ ನಿಮಗೆ ಶೇರ್ ಮಾಡುತ್ತಾನೆ. ಯಜಮಾನ ಅವನು, ನೀವು ಅತಿಥಿ. ಅವನು ಒಳ್ಳೆಯವನೇ ಇರಬಹುದು, ಆದರೆ ನಿಮ್ಮ ಪಡಸಾಲೆ ಅವನ ಫೋನಿನಲ್ಲಿ ಯಾಕಿರಬೇಕು? ಮೊದಲ ಖಾತೆ ನಿಮ್ಮ ನಂಬರಿನಲ್ಲೇ ತೆರೆಯಲಿ. ಪಾಸ್‌ವರ್ಡ್ ನೀವೇ ಒತ್ತಿ, ಅವನು ಆ ಕಡೆ ನೋಡಲಿ. ರೂಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ದಾರಿ, ತೆರೆಯಬೇಕು ಎಂದರೆ ಒಪ್ಪಬೇಡಿ, ಈಗಿನ ಆ್ಯಪ್‌ಗಳಿಗೆ ಅದು ಬೇಕಾಗಿಲ್ಲ.

ಯಾವ ಕಂಪನಿ ಎಂದು ನೀವು ಕೇಳಿಲ್ಲ, ಒಳ್ಳೆಯದಾಯಿತು. ಒಂದು ಮಾತ್ರ ನೋಡಿ. ಸಿಸಿಟಿವಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರ 2024ರಲ್ಲಿ ಹೊಸ ಭದ್ರತಾ ನಿಯಮ ಮಾಡಿ, 2025ರ ಏಪ್ರಿಲ್ 9ರಿಂದ ಜಾರಿಗೆ ತಂದಿದೆ. ಆ ಪರೀಕ್ಷೆ ಪಾಸಾಗದ ಕ್ಯಾಮೆರಾ ಮಾರುವಂತಿಲ್ಲ. ಈ ಹೊತ್ತಿನಲ್ಲಿ ಯಾರಾದರೂ ತೀರಾ ಅಗ್ಗಕ್ಕೆ ಕೊಡುತ್ತಿದ್ದರೆ ಹಳೇ ಸ್ಟಾಕ್ ಖಾಲಿ ಮಾಡುತ್ತಿರಬಹುದು. ಡಬ್ಬದ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಡಿಸ್ಕ್ ಮಾತ್ರ ಕ್ಯಾಮೆರಾಗೆಂದೇ ಮಾಡಿದ್ದು ಇರಲಿ, ಡಬ್ಲ್ಯುಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಆ ಜಾತಿಯವು. ಕಂಪ್ಯೂಟರ್ ಡಿಸ್ಕ್ ದಿನವಿಡೀ ಬರೆಯುವ ಕೆಲಸಕ್ಕೆ ಹುಟ್ಟಿದ್ದಲ್ಲ.

ಪೊಲೀಸರಿಗೆ ಕೊಡುವ ಪ್ರಸಂಗ ಬಂದರೆ? 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಅದರ 63ನೇ ಕಲಂ ಪ್ರಕಾರ ಇಂಥ ರೆಕಾರ್ಡಿಂಗ್ ಜೊತೆ ಪ್ರಮಾಣಪತ್ರ ಬೇಕು, ಹಿಂದೆ ಇದನ್ನೇ 65ಬಿ ಎನ್ನುತ್ತಿದ್ದರು. ಒಂದು ಭಾಗ ನೀವು ಸಹಿ ಮಾಡುವುದು, ಇನ್ನೊಂದು ಭಾಗ ತಜ್ಞರದ್ದು. ಫೈಲಿನ ಹ್ಯಾಶ್ ಸಂಖ್ಯೆಯೂ ಅದರಲ್ಲಿರುತ್ತದೆ, ಫೈಲಿನ ಹೆಬ್ಬೆಟ್ಟು ಗುರುತು ಎಂದುಕೊಳ್ಳಿ. ನೀವು ಮಾಡಬೇಕಾದದ್ದು ಇಷ್ಟೇ: ಘಟನೆ ಗೊತ್ತಾದ ದಿನವೇ ಪೆನ್‌ಡ್ರೈವ್‌ಗೆ ಇಳಿಸಿ, ಟಿವಿ ಪರದೆಯನ್ನು ಮೊಬೈಲ್‌ನಲ್ಲಿ ಶೂಟ್ ಮಾಡಿ ಅದೇ ಸಾಕು ಎಂದುಕೊಳ್ಳಬೇಡಿ. ಮೂಲ ಡಿಸ್ಕ್ ಮುಟ್ಟಬೇಡಿ. ಮತ್ತು ಗಡಿಯಾರ. ರೆಕಾರ್ಡರ್‌ನ ಗಡಿಯಾರ ವರ್ಷದಲ್ಲಿ ಹತ್ತು-ಹದಿನೈದು ನಿಮಿಷ ಹಿಂದೆ ಮುಂದೆ ಆಗಿರುತ್ತದೆ. ಕಳ್ಳತನ ನಡೆದ ಹೊತ್ತಿಗೆ ನಾನು ಬಸ್ ಸ್ಟ್ಯಾಂಡಿನಲ್ಲಿದ್ದೆ ಎಂದು ಆರೋಪಿ ಟಿಕೆಟ್ ತೋರಿಸಿದರೆ ಈ ಹದಿನೈದು ನಿಮಿಷವೇ ಸಾಕು. ಇಂಟರ್‌ನೆಟ್‌ನಿಂದ ತಾನೇ ಸಮಯ ಸರಿಪಡಿಸಿಕೊಳ್ಳುವ ಎನ್‌ಟಿಪಿ ಆನ್ ಮಾಡಿಸಿ.

ಗಲಾಟೆಯ ಬಗ್ಗೆ ನಿಮ್ಮ ಮನೆಯವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಆ ಸೋಮವಾರ ಬೆಲೆ ಕುಸಿದು ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದ್ದು, ವಾಹನಗಳಿಗೆ ಬೆಂಕಿ ಬಿದ್ದದ್ದು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಆದರೆ ಅಂಥ ದಿನಕ್ಕೆ ಎಂದು ಕ್ಯಾಮೆರಾ ಕೊಳ್ಳಬೇಡಿ. ಸಾವಿರಾರು ಜನರ ಗುಂಪನ್ನು ಕ್ಯಾಮೆರಾ ತಡೆಯುವುದಿಲ್ಲ. ಆ ದಿನಕ್ಕೆ ಬೇಕಾದದ್ದು ವಿಮೆ. ಪಾಲಿಸಿಯಲ್ಲಿ ದಂಗೆ, ಬೆಂಕಿ ಎರಡೂ ಸೇರಿವೆಯಾ ಎಂದು ಇವತ್ತೇ ತೆಗೆದು ನೋಡಿ. ಇನ್ನು 2017ರ ರಾಜ್ಯದ ಸಾರ್ವಜನಿಕ ಸುರಕ್ಷತಾ ಕಾಯ್ದೆ ಜನ ಹೆಚ್ಚು ಸೇರುವ ಜಾಗಗಳಲ್ಲಿ ಕ್ಯಾಮೆರಾ ಇರಬೇಕು, 30 ದಿನದ ರೆಕಾರ್ಡಿಂಗ್ ಇಟ್ಟಿರಬೇಕು ಎನ್ನುತ್ತದೆ. ನಿಮ್ಮ ಅಂಗಡಿ ಅದರಡಿ ಬರಲಿ ಬಿಡಲಿ, ನಿಮ್ಮ ನಾಲ್ಕು ಚೀಲದ ಲೆಕ್ಕಕ್ಕೂ 30 ದಿನವೇ ಸರಿ.

ಹಾಗಾದರೆ ನನ್ನ ಆಯ್ಕೆ: ಎರಡನೆಯವರನ್ನು ಕರೆಯಿರಿ, ಆದರೆ ಕೊಟೇಶನ್ ತಿದ್ದಿಸಿ. ಆರರ ಬದಲು ಐದು ಕ್ಯಾಮೆರಾ. ಶಟರ್ ಮತ್ತು ಕಾಟಾಗೆ 4 ಮೆಗಾಪಿಕ್ಸೆಲ್, ಉಳಿದ ಮೂರಕ್ಕೆ 2 ಸಾಕು. ಇದರಲ್ಲಿ ಉಳಿದ ದುಡ್ಡು ಡಿಸ್ಕಿಗೆ ಮತ್ತು ಯುಪಿಎಸ್‌ಗೆ ಹೋಗಲಿ. 4 ಮೆಗಾಪಿಕ್ಸೆಲ್‌ಗೆ ಇಮ್ಮಡಿ ಜಾಗ ಹಿಡಿದರೂ ಐದಕ್ಕೂ ಸೇರಿ ದಿನಕ್ಕೆ ಸುಮಾರು 151 ಜಿಬಿ. 2 ಟಿಬಿಯಲ್ಲಿ ಅದು ಹದಿಮೂರು ದಿನ. 6 ಟಿಬಿ ಹಾಕಿಸಿದರೆ 39 ದಿನ. ಒಟ್ಟು ಮೊತ್ತ 64,000ದ ಹತ್ತಿರವೇ ನಿಲ್ಲಬೇಕು. ಜಾಸ್ತಿ ಹೇಳಿದರೆ ಮೊದಲನೆಯವರಿಗೆ ಇದೇ ಪಟ್ಟಿ ಕೊಟ್ಟು ಕೇಳಿ, ಅವರೂ ಐಪಿ ಮಾಡುತ್ತಾರೆ.

ಕೊನೆಯ ಕಂತು ಹಗಲು ಕೊಡಬೇಡಿ. ರಾತ್ರಿ ಎಂಟಕ್ಕೆ ಅವರನ್ನು ಕೂರಿಸಿಕೊಂಡು ಅಂಗಡಿಯ ಎಲ್ಲ ದೀಪ ಆರಿಸಿ. ಟೊಪ್ಪಿಗೆ ಹಾಕಿದ ಹಮಾಲರೊಬ್ಬರು ಚೀಲ ಹೊತ್ತು ಹಿಂದಿನ ಬಾಗಿಲಿನಿಂದ ಹೊರಗೆ ಹೋಗಲಿ. ಮೇನ್ ಸ್ವಿಚ್ ಆರಿಸಿ ಇನ್ನೊಮ್ಮೆ ಹೋಗಲಿ. ಆಮೇಲೆ ಎರಡನ್ನೂ ರೆಕಾರ್ಡಿಂಗ್‌ನಲ್ಲಿ ತೆಗೆದು ನೋಡಿ. ಲೈವ್ ನೋಡಬೇಡಿ, ಮೊಬೈಲಿನಲ್ಲೂ ನೋಡಬೇಡಿ, ರೆಕಾರ್ಡರ್‌ಗೆ ಟಿವಿ ಹಚ್ಚಿ ನೋಡಿ. ಆ ಹಮಾಲರನ್ನು ಗೊತ್ತಿಲ್ಲದ ಒಬ್ಬರನ್ನು ಪಕ್ಕದ ಅಂಗಡಿಯಿಂದ ಕರೆತಂದು, ನಾಲ್ಕು ಜನರನ್ನು ಸಾಲಾಗಿ ನಿಲ್ಲಿಸಿ, ಇವರಲ್ಲಿ ಯಾರು ಎಂದು ಕೇಳಿ. ಬೆರಳು ತೋರಿಸಿದರೆ ದುಡ್ಡು ಕೊಡಿ.

ಕೆಲಸವನ್ನು ಮಾತ್ರ ಸೋಮವಾರ, ಗುರುವಾರ ಇಟ್ಟುಕೊಳ್ಳಬೇಡಿ. ಸಂತೆಯ ದಿನ ಕಾಯಿ ಧೂಳಿನಲ್ಲಿ ಏಣಿ ಮೇಲೆ ನಿಂತು ಗೋಡೆ ಕೊರೆಯುವ ಹುಡುಗ ಸೀನಿ ಸೀನಿ ಕ್ಯಾಮೆರಾವನ್ನು ಯಾವ ದಿಕ್ಕಿಗೆ ತಿರುಗಿಸಿ ಹೋಗುತ್ತಾನೋ ಹೇಳಲಾಗದು.